ಕೂರಿಗೆ ಸಾಲು ಡೊಂಕಾದಾಗ

ಧಾರವಾಡ ಜಿಲ್ಲೆಯ ಕಲಘಟಗಿ ಸೀಮೆ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಇಲ್ಲಿ ಭತ್ತವನ್ನು ಕೂರಿಗೆಯಿಂದ ಬಿತ್ತುವ ರೂಢಿ ಬಹಳ ಹಳೆಯದು. ಹೀಗೆ ಬಿತ್ತುವವನ ಮರ್ಯಾದೆ ಇರುವುದು ಸಾಲಿನಲ್ಲಿ. ಸಾಲು ನೆಟ್ಟಗಿದ್ದರೆ ಎಡೆ ಹೊಡೆಯುವುದು ಹಗುರ. ಡೊಂಕಾದರೆ ಎಡೆಕುಂಟೆಗೆ ಕಸದ ಜೊತೆ ಬೆಳೆಯೂ ಕಿತ್ತು ಬರುತ್ತದೆ. ಹಾಗಾಗಿ ದಾರಿಯಲ್ಲಿ ಹೋಗುವವರೂ ಒಂದು ಗಳಿಗೆ ಬದುವಿನ ಮೇಲೆ ನಿಂತು ಸಾಲು ನೋಡಿಯೇ ಮುಂದೆ ಹೋಗುತ್ತಾರೆ.

ಇದೇ ಸೀಮೆಯ ಮಿಶ್ರಿಕೋಟಿಯಲ್ಲಿದ್ದ ನಮ್ಮ ದೊಡ್ಡಪ್ಪ ಸಾಲಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಂದು ಮುಂಗಾರಿನಲ್ಲಿ ಬೆಳೆ ಎದ್ದು ಬೆರಳೆತ್ತರ ಬಂದಾಗ ಹೊಲಕ್ಕೆ ಹೋಗಿ ನಿಂತವನು ಮಗನ ಮೇಲೆ ರೇಗಿದ. "ಏನೋ ತಮ್ಮಾ, ಇದೇನು ಬಿತ್ತೂದು? ನಟ್ಟನಡುವ ಸಾಲೆಲ್ಲಾ ಡೊಂಕ ಆಗ್ಯಾವಲ್ಲೋ!" ಮಗ ನೋಡಿದ, ಆಳು ನೋಡಿದ. ಸಾಲುಗಳು ದಾರ ಹಿಡಿದು ಎಳೆದ ಹಾಗೆ ಇದ್ದವು. "ಇಲ್ಲಪ್ಪಾ, ನೆಟ್ಟಗ ಅದಾವ" ಎಂದರೆ ಆತ ನಂಬಲಿಲ್ಲ. ಮನೆಗೆ ಬಂದು ಕೂತರೆ ಪಡಸಾಲೆಯ ಕಂಬವೂ ನಡುವೆ ಬಾಗಿದಂತೆ ಕಂಡಿತು. ಎಪ್ಪತ್ತು ದಾಟಿದ ಕಣ್ಣು, ಪೊರೆ ಬಂದಿರಬೇಕು ಎಂದರು ಮನೆಯವರು. ಪೊರೆ ಬಲಿಯಲಿ, ಸುಗ್ಗಿಯೂ ಮುಗಿಯಲಿ, ಆಮೇಲೆ ಆಪರೇಶನ್ ಮಾಡಿಸಿದರಾಯಿತು ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಆ ಎಲ್ಲರಲ್ಲಿ ನಾನೂ ಒಬ್ಬ.

ಸುಗ್ಗಿ ಮುಗಿಸಿ ಕಣ್ಣಿನ ಡಾಕ್ಟರ ಮುಂದೆ ಕೂರಿಸುವ ಹೊತ್ತಿಗೆ ಆರು ತಿಂಗಳು ಕಳೆದಿದ್ದವು. ಪೊರೆ ಇದ್ದದ್ದು ಅಲ್ಪಸ್ವಲ್ಪ. ನಿಜವಾದ ರೋಗ ಕಣ್ಣಿನ ಹಿಂಭಾಗದಲ್ಲಿತ್ತು. ಎಡಗಣ್ಣಿನ ನಟ್ಟನಡುವಿನ ನೋಟ ಯಾವಾಗಲೋ ಹೋಗಿತ್ತು, ಬಲಗಣ್ಣು ಚೆನ್ನಾಗಿದ್ದುದರಿಂದ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಮುಂಗಾರಿನಲ್ಲಿ ಡೊಂಕು ಕಾಣಿಸಿದ್ದು ಬಲಗಣ್ಣಿಗೆ. ಈಗ ಅಲ್ಲಿಯೂ ರಕ್ತ ಸೋರಿ, ಗಾಯದ ಕಲೆ ಕಟ್ಟಿತ್ತು. "ಡೊಂಕು ಕಂಡ ವಾರವೇ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಉಳಿಸಲು ನೋಡಬಹುದಿತ್ತು" ಎಂದರು ಡಾಕ್ಟರು. ಸಾಲು ನೆಟ್ಟಗೇ ಇತ್ತು, ಬಾಗಿದ್ದು ಕಣ್ಣಿನೊಳಗಿನ ಪರದೆ ಎಂದು ನಮಗೆ ತಿಳಿದದ್ದು ಅಂದು.

ಆ ರೋಗದ ಹೆಸರು ಏಜ್ ರಿಲೇಟೆಡ್ ಮ್ಯಾಕ್ಯುಲರ್ ಡಿಜೆನರೇಶನ್. ಡಾಕ್ಟರುಗಳು ಚುಟುಕಾಗಿ ಎಎಂಡಿ ಎನ್ನುತ್ತಾರೆ. ಹೆಸರು ಉದ್ದವಾದರೂ ಅರ್ಥ ಸರಳ: ವಯಸ್ಸಿನೊಂದಿಗೆ ಕಣ್ಣಿನ ನಡುಪರದೆ ಸವೆಯುವುದು. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕಾಚಾರದ ಪ್ರಕಾರ 2020ರ ವೇಳೆಗೆ ಜಗತ್ತಿನಲ್ಲಿ ಸುಮಾರು 19.6 ಕೋಟಿ ಜನರಿಗೆ ಇದು ಯಾವುದಾದರೂ ಹಂತದಲ್ಲಿರುತ್ತದೆ, 2040ಕ್ಕೆ 28.8 ಕೋಟಿಗೆ ಏರುತ್ತದೆ. ಇದು ಬಿಳಿಯರ ದೇಶದ ಕಾಯಿಲೆ, ನಮ್ಮ ಕಡೆ ಇಲ್ಲ ಎಂಬ ಮಾತು ಹಿಂದೆ ಇತ್ತು. ಆದರೆ ಉತ್ತರ ಭಾರತದಲ್ಲೊಂದು ಕಡೆ, ದಕ್ಷಿಣದಲ್ಲೊಂದು ಕಡೆ ಹಳ್ಳಿಗಳಿಗೆ ಹೋಗಿ 60 ದಾಟಿದವರ ಕಣ್ಣು ಪರೀಕ್ಷಿಸಿ 2010ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ ಮುಂದುವರಿದ ಹಂತದ ಎಎಂಡಿ ನೂರಕ್ಕೆ 1.2 ಜನರಲ್ಲಿ ಕಂಡಿತು. ಅಂದರೆ 60 ದಾಟಿದ ಸಾವಿರ ಜನರಿದ್ದರೆ ಹನ್ನೆರಡು ಮಂದಿ. ಒಂದು ದೊಡ್ಡ ಊರಿನ ಕಟ್ಟೆಗಳ ಮೇಲೆ ಕೂತ ಹಿರಿಯರಲ್ಲಿ ಹನ್ನೆರಡು ಮಂದಿ ಎಂದರೆ ಕಡಿಮೆಯಲ್ಲ.

ಕಣ್ಣಿನ ಹಿಂದಿನ ಗೋಡೆಗೆ ಒಳಗಿನಿಂದ ಬಳಿದ ತೆಳು ಪರದೆಯೇ ಅಕ್ಷಿಪಟಲ, ರೆಟಿನಾ. ಅದರ ನಡುವೆ ಸುಮಾರು ಐದೂವರೆ ಮಿಲಿಮೀಟರ್ ಅಗಲದ ಒಂದು ಜಾಗವುಂಟು. ಅದೇ ಮ್ಯಾಕ್ಯುಲಾ. ಮಸೂರಬೇಳೆಯ ಒಂದು ಕಾಳಿನಷ್ಟು ಅಗಲ. ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಹರಳು ಆರಿಸುವುದು, ಬಸ್ಸಿನ ಬೋರ್ಡು ಓದುವುದು, ನೋಟು ನೂರರದೋ ಐನೂರರದೋ ಎಂದು ತಿಳಿಯುವುದು, ಎದುರಿಗೆ ಬಂದವರು ಯಾರೆಂದು ಗುರುತು ಹಿಡಿಯುವುದು, ಎಲ್ಲವೂ ನಡೆಯುವುದು ಈ ಕಾಳಿನಷ್ಟು ಜಾಗದಲ್ಲಿ. ಉಳಿದ ಪರದೆಯೆಲ್ಲ ಸುತ್ತಲಿನ ಅಂದಾಜು ಕೊಡುತ್ತದೆ, ಅಷ್ಟೇ. ಯಾವುದೋ ಆಕಾರ ಬರುತ್ತಿದೆ, ಅಲ್ಲಿ ಮೆಟ್ಟಿಲಿದೆ, ಇಲ್ಲಿ ಎಮ್ಮೆ ಕಟ್ಟಿದೆ ಎಂಬಷ್ಟು.

ಈ ಪರದೆಯ ಕೋಶಗಳು ಬೆಳಕಿನ ಕೆಲಸದಲ್ಲಿ ದಿನವೂ ಸವೆಯುತ್ತವೆ, ದಿನವೂ ಹೊಸದಾಗುತ್ತವೆ. ಸವೆದ ಚೂರುಗಳನ್ನು ಬಳಿದು ಸಾಗಿಸುವುದಕ್ಕೆ ಹಿಂದೆ ಇನ್ನೊಂದು ಪದರವಿದೆ. ವಯಸ್ಸಾದಂತೆ ಆ ಪದರ ದಣಿಯುತ್ತದೆ. ಸಾಗದೆ ಉಳಿದ ಕಸ ಹಳದಿ ಚುಕ್ಕೆಗಳಾಗಿ ಪದರದ ಅಡಿಯಲ್ಲಿ ಕೂರುತ್ತದೆ. ಇದಕ್ಕೆ ಡ್ರೂಸೆನ್ ಎಂದು ಹೆಸರು. ಸಣ್ಣ ಚುಕ್ಕೆಗಳು ಒಂದೆರಡು ಇದ್ದರೆ ಹೆದರಬೇಕಿಲ್ಲ, ವಯಸ್ಸಾದ ಬಹಳ ಕಣ್ಣುಗಳಲ್ಲಿ ಇರುತ್ತವೆ. ದೊಡ್ಡವಾಗಿ, ಒಂದಕ್ಕೊಂದು ಕೂಡಿಕೊಂಡರೆ ಮೇಲಿನ ಕೋಶಗಳು ಆಹಾರ ಸಿಗದೆ ನಿಧಾನವಾಗಿ ಸಾಯುತ್ತವೆ. ಇದು ಒಣ ಬಗೆ. ನೂರು ರೋಗಿಗಳಲ್ಲಿ ಎಂಬತ್ತೈದು, ತೊಂಬತ್ತು ಮಂದಿಗೆ ಇರುವುದು ಇದೇ. ವರ್ಷಗಟ್ಟಲೆ ಎಳೆಯುತ್ತದೆ. ಓದುವಾಗ ಹೆಚ್ಚು ಬೆಳಕು ಬೇಕೆನಿಸುತ್ತದೆ, ಬಿಸಿಲಿನಿಂದ ಒಳಗೆ ಬಂದರೆ ಕಣ್ಣು ಹೊಂದಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ, ಸಾಲಿನಲ್ಲಿ ಒಂದೊಂದು ಅಕ್ಷರ ಮಾಯವಾಗುತ್ತದೆ.

ಉಳಿದ ಹತ್ತು ಹದಿನೈದು ಮಂದಿಯದು ಒದ್ದೆ ಬಗೆ. ನಮ್ಮ ದೊಡ್ಡಪ್ಪನದು ಅದು. ಉಸಿರು ಕಟ್ಟಿದ ಪರದೆ ರಕ್ತಕ್ಕಾಗಿ ಕೂಗಿಕೊಂಡಂತೆ ಒಂದು ರಾಸಾಯನಿಕವನ್ನು ಹೊರಡಿಸುತ್ತದೆ. ಆ ಕರೆಗೆ ಓಗೊಟ್ಟು ಹಿಂದಿನಿಂದ ಹೊಸ ರಕ್ತನಾಳಗಳು ಹುಟ್ಟುತ್ತವೆ. ಅವು ಬಲವಿಲ್ಲದ ನಾಳಗಳು, ಅವಸರದಲ್ಲಿ ಬೆಳೆದವು, ಸೋರುತ್ತವೆ. ನೀರು ಸೇರಿದಲ್ಲಿ ಪರದೆ ಉಬ್ಬುತ್ತದೆ. ಉಬ್ಬಿದ ಪರದೆಯ ಮೇಲೆ ಬಿದ್ದ ನೆಟ್ಟನೆಯ ಗೆರೆ ಡೊಂಕಾಗಿ ಕಾಣುತ್ತದೆ. ಮಳೆಗೆ ಉಬ್ಬಿದ ಗೋಡೆಗೆ ಅಂಟಿಸಿದ ಚಿತ್ರ ಹೇಗೆ ಕಾಣುತ್ತದೋ ಹಾಗೆ. ಕಂಬ ಬಾಗುತ್ತದೆ, ಕಿಟಕಿಯ ಸರಳು ಅಲೆಯಾಗುತ್ತದೆ, ಮಗನ ಮುಖದಲ್ಲಿ ಮೂಗು ಪಕ್ಕಕ್ಕೆ ಸರಿಯುತ್ತದೆ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು, ಅಷ್ಟರಲ್ಲಿ ರಕ್ತ ಹೆಪ್ಪುಗಟ್ಟಿ ಕಲೆಯಾಗುತ್ತದೆ. ಕಲೆಯಾದಲ್ಲಿ ಮತ್ತೆ ನೋಟ ಬರುವುದಿಲ್ಲ.

ನಾನು ಈ ಅಂಕಣ ಬರೆಯಲು ಕೂತದ್ದೇ ಈ ಒಂದು ವ್ಯತ್ಯಾಸವನ್ನು ಹೇಳುವುದಕ್ಕೆ. ಪೊರೆ ಕಾಯುತ್ತದೆ, ಇದು ಕಾಯುವುದಿಲ್ಲ.

ನಮ್ಮ ಜನಕ್ಕೆ ಕಾಯುವುದನ್ನು ಕಲಿಸಿದ್ದು ಪೊರೆಯೇ. ಅದರಲ್ಲಿ ಅವರ ತಪ್ಪಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಕಣ್ಣಿನ ವೈದ್ಯ ಎಂದರೆ ಏನೆಂದು ತೋರಿಸಿಕೊಟ್ಟವರು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ. ಶಾಲೆಯ ಕೋಣೆ, ಮಠದ ಅಂಗಳ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಶಿಬಿರ ಹೂಡಿ ಲಕ್ಷಗಟ್ಟಲೆ ಜನರ ಪೊರೆ ತೆಗೆದವರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಯಾಯಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭಿಸಿದಾಗಲೂ ದೊಡ್ಡ ಗುರಿ ಪೊರೆಯೇ. ಅದು ಸರಿಯಾದ ಗುರಿಯೂ ಹೌದು. 2015ರಿಂದ 2019ರವರೆಗಿನ ರಾಷ್ಟ್ರೀಯ ಸಮೀಕ್ಷೆಯಲ್ಲಿಯೂ 50 ದಾಟಿದವರ ಕುರುಡಿನಲ್ಲಿ ನೂರಕ್ಕೆ 66ರಷ್ಟಕ್ಕೆ ಕಾರಣ ಪೊರೆ ಎಂದು ಕಂಡಿದೆ.

ಹಳೆಯ ಕಾಲದ ಆಪರೇಶನ್ನಿಗೆ ಪೊರೆ ಬಲಿಯಲೇಬೇಕಿತ್ತು. ಈಗಿನದಕ್ಕೆ ಆ ನಿಯಮವಿಲ್ಲ. ಆದರೆ "ಪೊರಿ ಬಲೀಲಿ" ಎಂಬ ಮಾತು ಮನೆಮನೆಯಲ್ಲಿ ಉಳಿದಿದೆ. ಅದರ ಜೊತೆಗೇ ಇನ್ನೊಂದು ನಂಬಿಕೆ: ಮುದುಕರ ಕಣ್ಣು ಮಂದವಾದರೆ ಅದು ಪೊರೆ, ಆಪರೇಶನ್ ಮಾಡಿಸಿದರೆ ಕಾಣುತ್ತದೆ, ಇಲ್ಲವಾದರೆ ಚಾಳೀಸು ಬದಲಿಸಬೇಕು. ಈ ಮೂರರ ಆಚೆಗೆ ನಮ್ಮ ಆಲೋಚನೆ ಹೋಗುವುದೇ ಇಲ್ಲ. ಪೊರೆಯಲ್ಲಿ ಇಡೀ ನೋಟ ಮಂಜಾಗುತ್ತದೆ, ಹೊಗೆ ಹಿಡಿದ ಗಾಜಿನಿಂದ ನೋಡಿದಂತೆ. ಎಎಂಡಿಯಲ್ಲಿ ಸುತ್ತಲೂ ಚೊಕ್ಕ, ನಡುವೆ ಮಾತ್ರ ಡೊಂಕು, ಮಸುಕು ಅಥವಾ ಕಪ್ಪು ಕಲೆ. ಇಷ್ಟು ಮಾತು ಹಳ್ಳಿಗೆ ಮುಟ್ಟಿದ್ದರೆ ನಮ್ಮ ದೊಡ್ಡಪ್ಪ ಸುಗ್ಗಿಯವರೆಗೆ ಕಾಯುತ್ತಿರಲಿಲ್ಲ.

ಎರಡೂ ಒಟ್ಟಿಗೆ ಇರುವುದೂ ಉಂಟು. ಆಗ ಪೊರೆ ತೆಗೆಸಿದ ಮೇಲೂ ಸರಿಯಾಗಿ ಕಾಣುವುದಿಲ್ಲ. "ಆಪರೇಶನ್ ಕೆಡಿಸಿಬಿಟ್ರು" ಎಂದು ಜನ ಡಾಕ್ಟರರನ್ನು ಬೈಯುತ್ತಾರೆ, ಊರಿನವರು ಆ ಶಿಬಿರಕ್ಕೇ ಹೋಗುವುದನ್ನು ಬಿಡುತ್ತಾರೆ. ಪೊರೆ ತೆಗೆಯುವ ಮುಂಚೆ ಹಿಂದಿನ ಪರದೆ ಹೇಗಿದೆ ಎಂದು ನೋಡಿ, ಮನೆಯವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದರೆ ಈ ಮನಸ್ತಾಪ ತಪ್ಪುತ್ತದೆ. ರೋಗಿಯ ಮನೆಯವರಿಗೂ ಕೇಳುವ ಹಕ್ಕಿದೆ: "ಹಿಂದಿನ ಪರದೆ ನೋಡೀರೇನ್ರಿ?"

ಇನ್ನು ಮನೆಯೊಳಗಿನ ಮಾತು. ಈ ರೋಗದಿಂದ ಪೂರ್ತಿ ಕತ್ತಲಾಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ. ಅದು ಸಮಾಧಾನದ ಸಂಗತಿಯೂ ಹೌದು, ಮನೆಯಲ್ಲಿ ತಪ್ಪು ತಿಳಿವಳಿಕೆಗೆ ಮೂಲವೂ ಹೌದು. ದೊಡ್ಡಪ್ಪ ಯಾರ ಕೈಯನ್ನೂ ಹಿಡಿಯದೆ ಹಿತ್ತಲಿಗೆ ಹೋಗಿಬರುತ್ತಿದ್ದ. ಅಂಗಳದ ಮೂಲೆಯಲ್ಲಿ ಕೋಳಿ ಓಡಿದರೆ "ಏ, ಕಾಳ ತಿಂತೈತಿ ನೋಡ್ರಿ" ಎನ್ನುತ್ತಿದ್ದ. ಅದೇ ಮನುಷ್ಯನಿಗೆ ಎದುರು ಕೂತ ಬೀಗರ ಗುರುತು ಹತ್ತುತ್ತಿರಲಿಲ್ಲ. ಮೂಲೆಯ ಕೋಳಿ ಕಾಣುತ್ತದೆ, ಎದುರಿನ ಮುಖ ಕಾಣುವುದಿಲ್ಲವೆಂದರೆ ಯಾರು ನಂಬಿಯಾರು? "ಬೇಕಂತನ ಮಾಡ್ತಾನ" ಎಂದರು. ಬಸ್‌ಸ್ಟ್ಯಾಂಡಿನಲ್ಲಿ ನಮಸ್ಕಾರ ಮಾಡಿದವರಿಗೆ ತಿರುಗಿ ಕೈ ಮುಗಿಯಲಿಲ್ಲವೆಂದು "ಸೊಕ್ಕು ಬಂದೈತಿ" ಎಂದರು. ಆತ ಮುಖ ನೋಡಲು ತಲೆ ಓರೆ ಮಾಡುತ್ತಿದ್ದ, ಅಂಚಿನ ನೋಟದಿಂದ ಹಿಡಿಯಲು. ಅದು ಮಕ್ಕಳಿಗೆ ಅಣಕಿಸುವ ಆಟವಾಯಿತು. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಓದುತ್ತಿದ್ದ ಮನುಷ್ಯ ಕೇಳುವವರ ಸಾಲಿಗೂ ಬಾರದೆ ಮನೆಯಲ್ಲೇ ಉಳಿದ. ಕಣ್ಣು ಹೋದದ್ದಕ್ಕಿಂತ ಹೆಚ್ಚಾಗಿ ಆತನನ್ನು ಕುಗ್ಗಿಸಿದ್ದು ಸುಳ್ಳುಗಾರ ಎನಿಸಿಕೊಂಡದ್ದು. ಆ ಮನೆಯವರಲ್ಲಿ ಒಬ್ಬನಾಗಿ ನಾನು ಇದನ್ನು ನೋವಿನಿಂದ ಬರೆಯುತ್ತಿದ್ದೇನೆ.

ಇನ್ನೂ ಒಂದುಂಟು, ಇದನ್ನು ಹೇಳಲು ಹಿರಿಯರು ಹೆದರುತ್ತಾರೆ. ನಡುನೋಟ ಹೋದ ಕೆಲವರಿಗೆ ಇಲ್ಲದ ಚಿತ್ರಗಳು ಕಾಣುತ್ತವೆ. ಬಣ್ಣದ ಸೀರೆ ಉಟ್ಟ ಹೆಂಗಸರು, ಗೋಡೆಯ ಮೇಲೆ ಹೂಬಳ್ಳಿ, ಸಣ್ಣ ಸಣ್ಣ ಮಕ್ಕಳು. ಮಾತಿಲ್ಲ, ಸದ್ದಿಲ್ಲ, ಬರೀ ಚಿತ್ರ. ಕಣ್ಣಿನಿಂದ ಬರಬೇಕಾದ ಸುದ್ದಿ ನಿಂತುಹೋದಾಗ ಮಿದುಳು ತನ್ನಲ್ಲಿದ್ದ ಚಿತ್ರಗಳನ್ನೇ ಆ ಜಾಗದಲ್ಲಿ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ 1760ರಲ್ಲಿ ತನ್ನ ಅಜ್ಜನಿಗೆ ಹೀಗಾದದ್ದನ್ನು ಬರೆದಿಟ್ಟ. ಅವನ ಹೆಸರೇ ಈ ಸ್ಥಿತಿಗೆ ನಿಂತಿದೆ. ಇದು ಹುಚ್ಚಲ್ಲ, ಮರೆವಿನ ರೋಗವೂ ಅಲ್ಲ, ಗಾಳಿ ಬಡಿದದ್ದೂ ಅಲ್ಲ. ನಮ್ಮಲ್ಲಿ ಅಜ್ಜಿ "ಅಲ್ಲಿ ಯಾರೋ ನಿಂತಾರ" ಎಂದರೆ ಮೊದಲು ನೆನಪಾಗುವುದು ತಾಯತ, ಅಂತ್ರ. ಎರಡನೆಯದು, ಅಜ್ಜಿಯ ತಲೆ ಕೆಟ್ಟಿತು ಎಂಬ ಪಿಸುಮಾತು. ಅಜ್ಜಿ ಅದನ್ನು ಕೇಳಿಸಿಕೊಂಡು ಮುಂದೆ ಬಾಯಿ ಬಿಡುವುದೇ ಇಲ್ಲ. ಇಂಥ ಚಿತ್ರ ಕಂಡವರನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ಯಿರಿ. ಕಾರಣ ತಿಳಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಪತ್ತೆ ಹಚ್ಚುವ ಉಪಾಯಗಳಲ್ಲಿ ಅತಿ ಅಗ್ಗದ್ದು ಒಂದು ಕಾಗದ. ಸ್ವಿಟ್ಜರ್ಲೆಂಡಿನವರೇ ಆದ ಕಣ್ಣಿನ ವೈದ್ಯ ಮಾರ್ಕ್ ಆಮ್ಸ್ಲರ್ 1940ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಚೌಕ. ಅದರೊಳಗೆ ಅರ್ಧ ಸೆಂಟಿಮೀಟರಿಗೊಂದು ಗೆರೆ, ಅಡ್ಡ ಮತ್ತು ಉದ್ದ. ನಟ್ಟನಡುವೆ ಒಂದು ಚುಕ್ಕೆ. ಇಷ್ಟೇ. ಮೊಮ್ಮಕ್ಕಳ ಗಣಿತದ ಚೌಕುಳಿ ನೋಟ್‌ಬುಕ್ ಇದ್ದರೆ ಅದರಲ್ಲೊಂದು ಹಾಳೆ ಸಾಕು. ಅಜ್ಜನೋ ಅಜ್ಜಿಯೋ ಓದುವ ಚಷ್ಮಾ ಹಾಕಿಕೊಳ್ಳಲಿ, ಕಾಗದವನ್ನು ಒಂದಡಿ ದೂರದಲ್ಲಿ ಹಿಡಿಯಲಿ, ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಲಿ. ತೆರೆದ ಕಣ್ಣು ನಡುವಿನ ಚುಕ್ಕೆಯ ಮೇಲೇ ಇರಬೇಕು. ಚುಕ್ಕೆ ಕಾಣುತ್ತದೆಯೇ? ಸುತ್ತಲ ಗೆರೆ ಎಲ್ಲಾದರೂ ಬಾಗಿದೆಯೇ, ಅಳಿಸಿಹೋಗಿದೆಯೇ? ನಾಲ್ಕು ಮೂಲೆಗಳೂ ಅರಿವಿಗೆ ಬರುತ್ತವೆಯೇ? ಆಮೇಲೆ ಇನ್ನೊಂದು ಕಣ್ಣು.

ಕಾಗದವಿಲ್ಲದವರಿಗೆ ಗೋಡೆಯ ಕ್ಯಾಲೆಂಡರ್ ಇದೆ. ನಮ್ಮ ಕಡೆ ಕ್ಯಾಲೆಂಡರ್ ಇಲ್ಲದ ಮನೆಯಿಲ್ಲ, ಅದರ ತುಂಬ ಚೌಕಗಳೇ. ಅದೂ ಬೇಡವೆಂದರೆ ಬಾಗಿಲ ಚೌಕಟ್ಟು, ಕಿಟಕಿಯ ಸರಳು, ವಿದ್ಯುತ್ ಕಂಬ. ಮುಖ್ಯವಾದದ್ದು ಒಂದೊಂದೇ ಕಣ್ಣನ್ನು ಬೇರೆಬೇರೆಯಾಗಿ ನೋಡುವುದು. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಹಾಕುತ್ತದೆ. ದೊಡ್ಡಪ್ಪನ ಎಡಗಣ್ಣು ಹೋದದ್ದು ಆತನಿಗೇ ತಿಳಿಯದಿದ್ದುದು ಹೀಗೆ. ಎಷ್ಟೋ ಜನರಿಗೆ ಒಳ್ಳೆಯ ಕಣ್ಣಿಗೆ ಕಸ ಬಿದ್ದು ಅದನ್ನು ಉಜ್ಜಿಕೊಳ್ಳುವಾಗ ಇನ್ನೊಂದು ಕಣ್ಣಿನ ಸಂಗತಿ ಬಯಲಾಗುತ್ತದೆ.

ಒಂದು ಎಚ್ಚರಿಕೆ ಬೇಕು. ಗೆರೆ ಬಾಗಿದರೆ ಓಡಬೇಕು, ನಿಜ. ಗೆರೆ ನೆಟ್ಟಗೆ ಕಂಡಿತೆಂದರೆ ರೋಗವೇ ಇಲ್ಲ ಎಂದು ಅರ್ಥವಲ್ಲ. ಆರಂಭದ ಹಂತ ಈ ಕಾಗದಕ್ಕೆ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಪಾಪೆ ಹಿಗ್ಗಿಸುವ ಹನಿ ಹಾಕಿ ಡಾಕ್ಟರೇ ಒಳಗೆ ನೋಡಬೇಕು. ಆ ಹನಿ ಹಾಕಿದ ಮೇಲೆ ನಾಲ್ಕಾರು ತಾಸು ಬೆಳಕು ಕುಕ್ಕುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಜೊತೆಗೊಬ್ಬರು ಇರಲಿ, ಬೈಕ್ ಓಡಿಸುವುದು ಬೇಡ. 60 ದಾಟಿದವರು ವರ್ಷಕ್ಕೊಮ್ಮೆ ಇದನ್ನು ಮಾಡಿಸಿಕೊಳ್ಳಬೇಕು. ಮನೆಯಲ್ಲಿ ತಂದೆ, ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಯಾರಿಗಾದರೂ ಈ ರೋಗವಿದ್ದರೆ 50ರಿಂದಲೇ ಶುರು ಮಾಡುವುದು ಒಳ್ಳೆಯದು. ಇದು ರಕ್ತಸಂಬಂಧದಲ್ಲಿ ಹರಿಯುತ್ತದೆ. ಇದಕ್ಕೆ ಕಾರಣವಾಗುವ ಒಂದು ಮುಖ್ಯ ವಂಶವಾಹಿಯನ್ನು 2005ರಲ್ಲಿ ಗುರುತಿಸಿದ್ದಾರೆ.

ಆಸ್ಪತ್ರೆಯಲ್ಲಿ ಮಾಡುವ ಓಸಿಟಿ ಎಂಬ ಪರೀಕ್ಷೆಗೆ ಹೆದರಬೇಕಾದ್ದೇನೂ ಇಲ್ಲ. 1991ರಲ್ಲಿ ಬೆಳಕಿಗೆ ಬಂದ ತಂತ್ರ ಇದು. ಯಂತ್ರದ ಮುಂದೆ ಗದ್ದ ಊರಿ ಕೂತರೆ ಬೆಳಕೇ ಒಳಗೆ ಹೋಗಿ ಪರದೆಯ ಪದರ ಪದರದ ಚಿತ್ರ ತೆಗೆಯುತ್ತದೆ. ಮುಟ್ಟುವುದಿಲ್ಲ, ಚುಚ್ಚುವುದಿಲ್ಲ, ನಿಮಿಷಗಳಲ್ಲಿ ಮುಗಿಯುತ್ತದೆ. ಎಲ್ಲಿ ನೀರು ನಿಂತಿದೆ ಎಂದು ಡಾಕ್ಟರು ಅದರಲ್ಲೇ ತೋರಿಸಬಲ್ಲರು. ಬೇಕಾದರೆ ತೋಳಿನ ನರಕ್ಕೆ ಬಣ್ಣ ಕೊಟ್ಟು ಸೋರುವ ನಾಳದ ಫೋಟೋ ತೆಗೆಯುತ್ತಾರೆ.

ಒದ್ದೆ ಬಗೆಗೆ ಚಿಕಿತ್ಸೆ ಇದೆ, ಅದೂ ಈಚಿನದು. ಅದಕ್ಕೆ ಮುಂಚೆ ಇದ್ದದ್ದು ಸೋರುವ ಜಾಗವನ್ನು ಲೇಸರ್‌ನಿಂದ ಸುಡುವುದು, ಅದರಲ್ಲಿ ಪರದೆಯೂ ಸ್ವಲ್ಪ ಸುಡುತ್ತಿತ್ತು. ನಾಳಗಳನ್ನು ಕರೆಯುವ ರಾಸಾಯನಿಕವಾದ ವೆಜ್ಎಫ್ ಅನ್ನು 1989ರಲ್ಲಿ ಗುರುತಿಸಿದರು. ಅದನ್ನು ತಡೆಯುವ ಬೆವಾಸಿಜುಮಾಬ್ ಎಂಬ ಔಷಧಿಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಕರುಳಿನ ಕ್ಯಾನ್ಸರಿಗೆ. ಕಣ್ಣಿಗೆಂದೇ ಮಾಡಿದ ರಾನಿಬಿಜುಮಾಬ್ 2006ರಲ್ಲಿ ಬಂತು, ಬೆಲೆ ಬಲು ದುಬಾರಿ. ಕ್ಯಾನ್ಸರಿನ ಔಷಧಿಯ ಒಂದು ಸೀಸೆಯನ್ನು ಸಣ್ಣ ಸಣ್ಣ ಪ್ರಮಾಣಕ್ಕೆ ಹಂಚಿದರೆ ಅಗ್ಗದಲ್ಲಿ ಕೆಲಸ ಆಗುತ್ತದೆಂದು ಡಾಕ್ಟರುಗಳು ಕಂಡುಕೊಂಡರು. 2011ರಲ್ಲಿ ಎರಡನ್ನೂ ಹೋಲಿಸಿದ ಅಮೆರಿಕದ ಅಧ್ಯಯನ ನೋಟ ಉಳಿಸುವುದರಲ್ಲಿ ಎರಡೂ ಸಮ ಎಂದಿತು. 2015ರಲ್ಲಿ ಭಾರತದ್ದೇ ಕಂಪನಿಯೊಂದು ರಾನಿಬಿಜುಮಾಬ್‌ಗೆ ಸಮನಾದ ಔಷಧಿಯನ್ನು ಹೊರತಂದಿತು. ಹಾಗಾಗಿ ಡಾಕ್ಟರು ದುಬಾರಿಯದನ್ನು ಬರೆದುಕೊಟ್ಟರೆ ಕಡಿಮೆ ಬೆಲೆಯದು ಯಾವುದಿದೆ ಎಂದು ಕೇಳಲು ಸಂಕೋಚ ಬೇಡ.

"ಕಣ್ಣಾಗ ಸೂಜಿ" ಎಂಬ ಮಾತಿಗೇ ನಮ್ಮವರು ಎದ್ದು ಬರುತ್ತಾರೆ. ಮೊದಲು ಮರಗಟ್ಟಿಸುವ ಹನಿ ಹಾಕುತ್ತಾರೆ. ಸೂಜಿ ಹೋಗುವುದು ಕರಿಗುಡ್ಡೆಗಲ್ಲ, ಪಕ್ಕದ ಬಿಳಿಗೆ. ಚುಚ್ಚುವುದು ಕ್ಷಣಮಾತ್ರ. ನಿಜವಾದ ಕಷ್ಟ ಬೇರೆ: ಇದು ಒಂದು ಸಲಕ್ಕೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೊದಲು ಮೂರು, ಆಮೇಲೆ ಪರದೆ ನೋಡಿ ನೋಡಿ ಮುಂದಿನವು. ಪ್ರತಿ ಸಲವೂ ಬಸ್ಸಿನ ಖರ್ಚು, ಜೊತೆಗೆ ಬರುವವರ ಒಂದು ದಿನದ ಕೂಲಿ. ಎರಡು ಇಂಜೆಕ್ಷನ್ ಆದ ಮೇಲೆ "ಏನೂ ಹೆಚ್ಚು ಕಾಣವಲ್ದು" ಎಂದು ಬಿಟ್ಟುಬಿಡುವವರು ಬಹಳ. ಇಲ್ಲಿ ಇದ್ದಷ್ಟು ಉಳಿಯುವುದೇ ಲಾಭ. ಆ ಮಾತನ್ನು ಮೊದಲ ದಿನವೇ ಮನೆಯವರಿಗೆ ಬಿಡಿಸಿ ಹೇಳಬೇಕು. ಇಂಜೆಕ್ಷನ್ ಆದ ಮುಂದಿನ ದಿನಗಳಲ್ಲಿ ಕಣ್ಣು ಕೆಂಪಾಗಿ, ನೋವು ಏರಿ, ನೋಟ ಇಳಿದರೆ ಅದು ಸೋಂಕಿರಬಹುದು. ಅಪರೂಪ, ಆದರೆ ಅದೇ ದಿನ ಹಿಂದಿರುಗಿ ಹೋಗಬೇಕು.

ಒಣ ಬಗೆಗೆ ಸವೆದದ್ದನ್ನು ಮರಳಿ ತರುವ ಮದ್ದಿಲ್ಲ. ಮಧ್ಯಮ ಹಂತದವರಿಗೆ ಒಂದು ನಿರ್ದಿಷ್ಟ ಅಳತೆಯ ವಿಟಮಿನ್, ಸತು, ಲೂಟಿನ್, ಝಿಯಾಕ್ಸಾಂಥಿನ್ ಇರುವ ಮಾತ್ರೆಯಿಂದ ರೋಗ ಮುಂದುವರಿಯುವ ಅಪಾಯ ಕಾಲುಭಾಗದಷ್ಟು ತಗ್ಗುತ್ತದೆಂದು ಅಮೆರಿಕದ ಎರಡು ದೀರ್ಘ ಅಧ್ಯಯನಗಳಿಂದ, 2001 ಮತ್ತು 2013ರಲ್ಲಿ, ತಿಳಿದುಬಂದಿದೆ. ರೋಗವಿಲ್ಲದವರಿಗೆ ಇದರಿಂದ ಲಾಭವಿಲ್ಲ. ಬೀಡಿ ಸಿಗರೇಟು ಸೇದುವವರು, ಸೇದಿ ಬಿಟ್ಟವರು ಬೀಟಾ ಕ್ಯಾರೊಟೀನ್ ಇರುವ ಮಾತ್ರೆ ಮುಟ್ಟಬಾರದು, ಅವರಿಗೆ ಅದು ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ಬೀಡಿಯೇ ಈ ರೋಗಕ್ಕೆ ವಯಸ್ಸಿನ ನಂತರದ ದೊಡ್ಡ ಕಾರಣ. ಸೇದುವವರಿಗೆ ಅಪಾಯ ಎರಡರಿಂದ ನಾಲ್ಕು ಪಟ್ಟು.

ಝಿಯಾಕ್ಸಾಂಥಿನ್ ಎಂಬ ಹೆಸರು ಬಾಯಿ ತಿರುಗದಂಥದ್ದು, ಆದರೆ ಅದು ಹುಟ್ಟಿದ್ದು ಕಲಘಟಗಿಯವರಿಗೆ ಚೆನ್ನಾಗಿ ಗೊತ್ತಿರುವ ಗೋವಿನಜೋಳದಿಂದ. ಝಿಯಾ ಎಂದರೆ ಗೋವಿನಜೋಳದ ಶಾಸ್ತ್ರೀಯ ಹೆಸರು, ಕ್ಸಾಂಥಿನ್ ಎಂದರೆ ಹಳದಿ. ತೆನೆಗೆ ಆ ಬಣ್ಣ ಕೊಡುವ ವಸ್ತುವೇ ನಮ್ಮ ಕಣ್ಣಿನ ನಡುಪರದೆಗೂ ಹಳದಿ ಬಣ್ಣ ಕೊಟ್ಟು, ಕುಕ್ಕುವ ಬೆಳಕಿನಿಂದ ಅದನ್ನು ಕಾಯುತ್ತದೆ. ದೇಹ ಇದನ್ನು ತಾನೇ ತಯಾರಿಸಲಾರದು, ತಟ್ಟೆಯಿಂದಲೇ ಬರಬೇಕು. ಮೆಂತ್ಯ, ರಾಜಗಿರಿ, ಪಾಲಕ, ಮೊಟ್ಟೆಯ ಹಳದಿಯಲ್ಲಿ ಇದೂ ಇದರ ಜೊತೆಗಾರ ಲೂಟಿನ್ನೂ ಸಿಗುತ್ತವೆ. ಹೊಲದ ತುಂಬ ಈ ಹಳದಿಯನ್ನು ಬೆಳೆದು ಚೀಲ ಚೀಲ ಕೋಳಿ ಆಹಾರಕ್ಕೆ ಕಳಿಸುವ ಸೀಮೆ ನಮ್ಮದು. ರೊಟ್ಟಿಯ ಜೊತೆ ಸೊಪ್ಪಿನ ಪಲ್ಯ ದಿನವೂ ಇರಲಿ. ರೋಗ ಬಂದ ಮೇಲೆ ಅದೇ ಮದ್ದೆಂದು ಮಾತ್ರ ಕೂರಬೇಡಿ.

ಮಿಶ್ರಿಕೋಟಿಯಿಂದ ಹುಬ್ಬಳ್ಳಿ ದೂರದ ಊರಲ್ಲ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾಗಿ, ಕಿಮ್ಸ್ ಎಂದು ಜನಕ್ಕೆ ಗೊತ್ತಿರುವ ಆಸ್ಪತ್ರೆ ಅಲ್ಲಿದೆ. 1967ರಲ್ಲಿ ಡಾ. ಎಂ.ಎಂ. ಜೋಶಿ ಆರಂಭಿಸಿದ ಕಣ್ಣಿನ ಆಸ್ಪತ್ರೆ ಅಲ್ಲಿದೆ. ಧಾರವಾಡದ ದಾರಿಯಲ್ಲಿ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇದೆ. ಬೆಳಗಿನ ಬಸ್ಸಿಗೆ ಹೊರಟವರು ಸಂಜೆಗೆ ಮನೆ ಸೇರಬಹುದು. ಇಷ್ಟು ಹತ್ತಿರವಿದ್ದೂ ನಮ್ಮ ದೊಡ್ಡಪ್ಪನಿಗೆ ಆರು ತಿಂಗಳು ಹಿಡಿಯಿತು. ದಾರಿ ದೂರವಿರಲಿಲ್ಲ, ಗೆರೆ ಬಾಗುವುದು ತುರ್ತಿನ ಲಕ್ಷಣವೆಂದು ಹೇಳುವವರು ಊರಲ್ಲಿ ಇರಲಿಲ್ಲ.

2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಪಕ್ಕದ ಹಾವೇರಿಯಲ್ಲಿ ಆಶಾಕಿರಣ ಯೋಜನೆಗೆ ಚಾಲನೆ ಕೊಟ್ಟಿತು. ಮನೆಮನೆಗೆ ಹೋಗಿ ಕಣ್ಣು ತಪಾಸಣೆ ಮಾಡಿ, ಬೇಕಾದವರಿಗೆ ಉಚಿತ ಕನ್ನಡಕ ಕೊಡುವ ಒಳ್ಳೆಯ ಯೋಜನೆ. ಇಂಥ ತಪಾಸಣೆಗೆ ಬರುವ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಒಂದು ಚೌಕುಳಿ ಕಾಗದ ಇಡಲು ಎಷ್ಟು ಖರ್ಚಾದೀತು? ದೂರದ ಅಕ್ಷರ ಓದಿಸುವಾಗ ಒಂದು ನಿಮಿಷ ಇದನ್ನೂ ತೋರಿಸಿ, ಡೊಂಕು ಎಂದವರ ಹೆಸರನ್ನು ಬೇರೆ ಬರೆದುಕೊಂಡು, ಆ ವಾರವೇ ರೆಟಿನಾ ನೋಡುವ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಆಗಬೇಕು. ಪೊರೆಯ ಪಟ್ಟಿ ಬೇರೆ, ಇವರ ಪಟ್ಟಿ ಬೇರೆ ಇರಬೇಕು. ಧಾರವಾಡ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ, ಶಿಬಿರ ನಡೆಸುವ ಮಠಗಳಿಗೆ, ಸಂಘಗಳಿಗೆ ನನ್ನ ಕೋರಿಕೆ ಇದೊಂದೇ.

ಓದುಗರಲ್ಲಿಯೂ ಒಂದು ಕೋರಿಕೆ. ಈ ಪತ್ರಿಕೆ ಮಡಿಸಿಡುವ ಮುನ್ನ ಮನೆಯ ಹಿರಿಯರನ್ನು ಬಾಗಿಲ ಎದುರು ಕೂರಿಸಿ. ಚಷ್ಮಾ ಹಾಕಿಸಿ, ಒಂದು ಕಣ್ಣು ಮುಚ್ಚಿಸಿ, "ಚೌಕಟ್ಟು ನೆಟ್ಟಗೈತೇನು?" ಎಂದು ಕೇಳಿ. ಆಮೇಲೆ ಇನ್ನೊಂದು ಕಣ್ಣು. ಡೊಂಕು ಎಂದರೆ ನಾಳೆ ಬೆಳಗಿನ ಬಸ್ಸಿಗೇ ಹೊರಡಿ.